ಮೇಸ್ತ್ರಿಯನ್ನು ದೋಣಿಯಿಂದ ಇಳಿಸಿದ ನನ್ನ ಸೊಸೆ

"ದೋಣಿಗೂ ಹೊಟ್ಟೆ ಇರುತ್ತೆ ಅತ್ತೆ. ಒಂದಲ್ಲ, ಮೂರು. ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು. ಅದರೊಳಗೆ ಕೆರೆ ನೀರನ್ನೇ ಪಂಪು ಹಾಕಿ ತುಂಬಿಸ್ತೀವಿ. ದೋಣಿ ಭಾರವಾಗಿ ಕೂತು ಓಡಿದ್ರೆ ಹಿಂದೆ ದೊಡ್ಡ ಅಲೆ ಏಳುತ್ತೆ. ಜನ ಮೊದಲು ದೋಣಿಗೆ ಕಟ್ಟಿದ ಹಗ್ಗ ಹಿಡಿದು ಹಲಗೆ ಮೇಲೆ ನಿಲ್ತಾರೆ, ಆಮೇಲೆ ಹಗ್ಗ ಬಿಟ್ಟು ಆ ಅಲೇಲಿ ಜಾರ್ತಾರೆ. ಆದ್ರೆ ತಾನು ನೆಟ್ಟಗಿದ್ದೀನಾ ಸೊಟ್ಟಗಿದ್ದೀನಾ ಅಂತ ದೋಣಿಗೆ ತಾನಾಗೇ ಗೊತ್ತಾಗಲ್ಲ. ನೀರಲ್ಲಿ ಸುಮ್ಮನೆ ನಿಲ್ಲಿಸಿ, 'ನೋಡು, ನೆಟ್ಟಗೆ ಅಂದ್ರೆ ಇದು' ಅಂತ ಗುಂಡಿ ಒತ್ತಿ ನಾವೇ ಹೇಳ್ಕೊಡಬೇಕು. ಆಮೇಲೆ ವಾಲಿದ ಕಡೆಯದು ಖಾಲಿ ಮಾಡಿ, ಏರಿದ ಕಡೆಗೆ ತುಂಬಿಸಿ ಅದೇ ಸರಿಮಾಡ್ಕೊಳ್ಳುತ್ತೆ. ತಪ್ಪು ಹೇಳ್ಕೊಟ್ರೆ ಅದನ್ನೇ ನಂಬ್ಕೊಂಡು ಕೂರುತ್ತೆ, ಥೇಟ್ ನಿಮ್ಮ ಮಗನ ಹಾಗೆ."

ಹೀಗೆ ಹೇಳಿದವಳು ನನ್ನ ಹಿರಿಯ ಸೊಸೆ. ಕೆರೆ ದಂಡೆಯ ದೋಣಿ ರಿಪೇರಿ ಶೆಡ್ಡಿನಲ್ಲಿ ಅವಳಿಗೆ ಆರು ವರ್ಷವಾಯಿತು. ಸೇರಿದಾಗ ತಳಕ್ಕೆ ಅಂಟಿದ ಪಾಚಿ ಉಜ್ಜುವ ಕೆಲಸ. ಉಜ್ಜುತ್ತಲೇ ಕಿವಿ ತೆರೆದಿಟ್ಟು ಪಂಪು, ಪೈಪು, ವೈರು ಎಲ್ಲ ಕಲಿತಳು. ಕಂಡದ್ದಕ್ಕೆಲ್ಲ ರಸಮಟ್ಟ, ಅಂದರೆ ಗಾಜಿನೊಳಗಿನ ಗುಳ್ಳೆ ನೋಡಿ ಮಟ್ಟ ಅಳೆಯುವ ಪಟ್ಟಿ, ಇಟ್ಟು ನೋಡುವ ಚಾಳಿಗೆ ಅಲ್ಲಿಯವರು ಅವಳಿಗೆ ರಸಮಟ್ಟ ಎಂದೇ ಹೆಸರಿಟ್ಟರು.

ಹೋದ ತಿಂಗಳು ಒಬ್ಬ ಹಲ್ಲಿನ ಡಾಕ್ಟರ ನೀಲಿ ದೋಣಿ ಶೆಡ್ಡಿಗೆ ಮೂರು ಸಲ ಬಂತು. ಶೆಡ್ಡಿನ ಮೇಸ್ತ್ರಿ ಹೊಟ್ಟೆಗಳ ನೀರನ್ನು ತಾವೇ ಹೊಂದಿಸಿಕೊಂಡು ಓಡಿಸಿದರೆ ಅಲೆ ಚೆಂದ. ಡಾಕ್ಟರು ಅದನ್ನು ದೋಣಿಗೇ ಬಿಟ್ಟು ಓಡಿಸಿದರೆ ದೋಣಿ ಬಲಕ್ಕೆ ವಾಲಿ, ಅಲೆ ನೊರೆಯಾಗಿ ಒಡೆಯುತ್ತಿತ್ತು. ಮೂರು ಸಲವೂ ಮೇಸ್ತ್ರಿ ಗುಂಡಿ ಒತ್ತಿ ದೋಣಿಗೆ ಹೊಸದಾಗಿ ಹೇಳಿಕೊಟ್ಟರು. ಕೊನೆಗೆ ವಾಲುವುದನ್ನು ಅಳೆಯುವ ಒಳಗಿನ ಯಂತ್ರವನ್ನೇ ಬದಲಾಯಿಸಬೇಕು ಎಂದರು. ಏನೂ ಕೆಟ್ಟಿಲ್ಲ ಎಂದಳು ಇವಳು. ಅವರಿಗೆ ರೇಗಿತು.

"ಹಾಗಾದ್ರೆ ನೀನೇ ಮಾಡು. ಸರಿಹೋದ್ರೆ ಇನ್ಮೇಲೆ ಪರೀಕ್ಷೆ ಚೀಟಿಗೆ ನಿಂದೇ ಸಹಿ. ಇಲ್ಲಾಂದ್ರೆ ಮತ್ತೆ ಪಾಚಿ ಉಜ್ಜು."

ಎರಡು ವರ್ಷದಿಂದ ಕೆಲಸ ಇವಳದು, ಸಹಿ ಬೇರೆಯವರದು. ಆ ರಾತ್ರಿ ಊಟದ ಮುಂದೆ ಕೂತು, "ಪಾಚಿಗೆ ನಾನು ವಾಪಸ್ ಹೋಗಲ್ಲ ಅತ್ತೆ" ಎಂದಳು, ಅಷ್ಟೇ.

ಶನಿವಾರ ನಾನು ಊಟದ ಡಬ್ಬಿ ಕೊಡಲು ಹೋದಾಗ ದೋಣಿ ಕಟ್ಟೆಯ ಪಕ್ಕ ನಿಂತಿತ್ತು. ಸಣಕಲು ಡಾಕ್ಟರು ಮಗಳೊಂದಿಗೆ ಕಾಯುತ್ತಿದ್ದರು. ಮೇಸ್ತ್ರಿ ಎಂದಿನಂತೆ ಬಲಗಡೆಯ ಸ್ಟೀರಿಂಗ್ ಮುಂದೆ ಕೂತು, ಸಾಮಾನಿನ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಕೊಂಡರು. ಅವರು ಕೂತರೆ ಬೆಂಚು ಮಾತಾಡುತ್ತದೆ, ಅಂಥ ತೂಕದ ಆಳು.

"ಮೇಸ್ತ್ರಿ, ಸ್ವಲ್ಪ ಇಳೀತೀರಾ?" ಎಂದಳು ಸೊಸೆ.

"ಯಾಕಮ್ಮ, ಭಾರವಾದ್ನಾ?"

"ನನಗಲ್ಲ, ದೋಣಿಗೆ. ನೀವು ಕೂತೇ ಗುಂಡಿ ಒತ್ತಿದ್ರಿ. ನಿಮ್ಮನ್ನ ಸೇರಿಸ್ಕೊಂಡು ವಾಲಿದ್ದನ್ನೇ ನೆಟ್ಟಗೆ ಅಂತ ಕಲ್ತಿದೆ. ನೀವಿಲ್ದಾಗ ನಿಮ್ಮ ಬದಲು ಬಲಕ್ಕೆ ನೀರು ತುಂಬ್ಕೊಳ್ಳುತ್ತೆ."

ಡಾಕ್ಟರು ಕೆಮ್ಮಿದಂತೆ ಮಾಡಿ ಆಚೆ ತಿರುಗಿದರು.

"ಹಲ್ಲು ಕಿತ್ತ ಹಾಗೆ ಮಾತಾಡ್ತಾಳೆ ಡಾಕ್ಟ್ರೇ," ಎಂದು ಮೇಸ್ತ್ರಿ ಏದುಸಿರು ಬಿಡುತ್ತ ಇಳಿದರು. "ನೀನು ಒಳಗಿರಬಹುದೋ? ನೀನೇನು ಗಾಳೀನಾ?"

"ನಾನೂ ಇಳೀತೀನಿ."

ಮೂರು ಹೊಟ್ಟೆಯನ್ನೂ ಖಾಲಿ ಮಾಡಿದಳು, ಪೆಟ್ಟಿಗೆ ಇಳಿಸಿದಳು, ಹಗ್ಗ ಸಡಿಲಿಸಿದಳು. ದೋಣಿಯ ನಡುವೆ ರಸಮಟ್ಟ ಇಟ್ಟು, ಕಟ್ಟೆಯ ಮೇಲೆ ಬೋರಲು ಮಲಗಿದಳು. ನೀರು ಶಾಂತವಾಗುವವರೆಗೆ ಅಲುಗಾಡಲಿಲ್ಲ. ಗುಳ್ಳೆ ಎರಡು ಗೆರೆಯ ನಡುವೆ ನಿಂತಾಗ ಕೈ ಚಾಚಿ ಗುಂಡಿ ಒತ್ತಿದಳು.

ಆಮೇಲೆ ಹೊಟ್ಟೆಗಳಿಗೆ ಮತ್ತೆ ನೀರು ತುಂಬಿಸಿಕೊಂಡು ಡಾಕ್ಟರು ಓಡಿಸಿದರು. ಹಿಂದೆ ಅಲೆ ಗಾಜಿನಂತೆ ಎದ್ದಿತು. ಅವರ ಮಗಳು ಹಗ್ಗವನ್ನು ದೋಣಿಗೆ ಎಸೆದು, ಬರಿಗೈಯಲ್ಲಿ ಹಲಗೆ ಮೇಲೆ ಆ ದಡದವರೆಗೂ ನಿಂತೇ ಹೋದಳು.

ಮೇಸ್ತ್ರಿ ಜೇಬಿನಿಂದ ಚೀಟಿ ತೆಗೆದರು. "ತಗೋ, ಸಹಿ ಹಾಕು. ನನ್ನ ತೂಕ ಮಾತ್ರ ಬರೀಬೇಡ."

ಕಾರಣ ಎಂಬ ಜಾಗದಲ್ಲಿ ಅವಳು, "ಖಾಲಿ ದೋಣಿಯಲ್ಲಿ ಮತ್ತೆ ಹೊಂದಿಸಲಾಗಿದೆ" ಎಂದಷ್ಟೇ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಮೇಸ್ತ್ರಿ ಅದನ್ನು ಎರಡು ಸಲ ಓದಿ, ಮುಂದಿನ ದೋಣಿಯ ಚೀಟಿಯನ್ನೂ ಅವಳ ಕೈಗಿಟ್ಟರು.

ಸಂಜೆ ಮನೆಯಲ್ಲಿ ದೋಣಿ ಸರಿಹೋಯಿತೇ ಎಂದು ಮಗ ಕೇಳಿದ್ದಕ್ಕೆ, "ಆಯ್ತು" ಎಂದಳು. ನಾನು ಬಿಡುತ್ತೇನೆಯೇ, ಮೊದಲಿಂದ ಎಲ್ಲ ಹೇಳಿದೆ. ಅಷ್ಟರಲ್ಲಿ ಅವಳು ಹೊರಗೆ ಹೋಗಿ, ಒಣಗಿದ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತ, ಇನ್ನೂ ಹಸಿಯಿದ್ದ ಒಂದು ಟವೆಲನ್ನು ಮತ್ತೆ ತಂತಿಗೆ ಹರವಿದಳು.