ಹನ್ನೊಂದು ನಿಮಿಷ ಹಿಂದೆ ಬಿದ್ದ ಗಡಿಯಾರ

ಸುಂಕದಕಟ್ಟೆಯ ಆ ಪ್ರೆಸ್ ಶಾಪಿನಲ್ಲಿ ರಮ್ಯ ಹನ್ನೆರಡು ವರ್ಷದಿಂದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದಳು. ತಗಡು ಒತ್ತಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆ. ಅಲ್ಲಿ ರಕ್ತ ಹೊಸದೇನಲ್ಲ. ಬೆರಳು ಕಳೆದುಕೊಂಡವರನ್ನು ಅವಳೇ ಎರಡು ಸಲ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಿದ್ದಳು. ಆದರೆ ಆ ಮಂಗಳವಾರ ಕೇಳಿಸಿದ ಕೂಗು ಬೇರೆ ಥರದ್ದಾಗಿತ್ತು. ಮೇಲಿನ ಆಫೀಸಿನಿಂದ ಅವಳು ಮೆಟ್ಟಿಲಿಳಿದು ಓಡಿದಳು.

ನಾಲ್ಕನೇ ಪ್ರೆಸ್ಸಿನ ಹತ್ತಿರ ಸೂಪರ್‌ವೈಸರ್ ಗೋಪೀನಾಥ ನೆಲಕ್ಕೆ ಬಿದ್ದಿದ್ದ. ಅವನ ದವಡೆ ಒಂದು ಕಡೆಗೆ ಜೋತುಬಿದ್ದಿತ್ತು. ಅವನ ಮೇಲೆ ಬಾಗಿ, ಕಬ್ಬಿಣದ ರಾಡು ಹಿಡಿದು ಕೆಲಸಗಾರ ಸಂಪತ್ ನಿಂತಿದ್ದ. ಅವನ ಎಡಗಣ್ಣಿದ್ದ ಜಾಗದಲ್ಲಿ ರಕ್ತ ತುಂಬಿಕೊಂಡು ಕೆನ್ನೆಗಿಳಿಯುತ್ತಿತ್ತು. ರಾಡು ಮತ್ತೊಮ್ಮೆ ಎದ್ದು ಬಿತ್ತು. ಹಸಿ ಸೌದೆ ಸೀಳಿದಂಥ ಸದ್ದಾಯಿತು.

"ಬಿಡೋ ಸಂಪತ್ತೂ, ಸತ್ತೋಗ್ತಾನೆ ಕಣೋ!" ಎಂದು ಯಾರೋ ಕಿರುಚಿದರು. ನಾಲ್ಕು ಜನ ಬಿದ್ದು ಅವನನ್ನು ಹಿಡಿದೆಳೆದರು.

ಸಂಪತ್ ಆರು ತಿಂಗಳಿನಿಂದ ಪ್ರೆಸ್ಸುಗಳಿಗೆ ಕೈ ಕಾಯುವ ಜಾಲರಿ ಹಾಕಿಸಿ ಎಂದು ಪಟ್ಟು ಹಿಡಿದಿದ್ದವನು. ಗೋಪೀನಾಥನೋ ಮಾಲೀಕ ಮೋಹನ್ ಕುಮಾರ್‌ನ ಭಾಮೈದ. ಕಾರ್ಖಾನೆಯಲ್ಲಿದ್ದವರಿಗೆಲ್ಲ ಇಬ್ಬರ ಹಗೆ ಗೊತ್ತಿತ್ತು. ಆದರೂ ಪೊಲೀಸರು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. "ಮಿಷಿನ್ ಸೌಂಡಲ್ಲಿ ಏನೂ ನೋಡ್ಲಿಲ್ಲ ಸಾರ್."

ಮೋಹನ್ ಕುಮಾರ್ ಪೊಲೀಸರ ಮುಂದೆ ಎರಡು ದಾಖಲೆ ಇಟ್ಟ. ಅಂಗಳದ ಕ್ಯಾಮೆರಾದಲ್ಲಿ ಸಂಪತ್ ಗುಜರಿ ರಾಶಿಯಿಂದ ರಾಡು ಎತ್ತಿಕೊಳ್ಳುವುದು ಕಾಣುತ್ತಿತ್ತು. ಬೆನ್ನು ಮಾತ್ರ, ಮುಖವಿಲ್ಲ. ಸಮಯ ಹತ್ತು ಇಪ್ಪತ್ತೆರಡು. ಹೊಡೆದಾಟ ಶುರುವಾದಾಗ ಯಾರೋ ನಾಲ್ಕನೇ ಪ್ರೆಸ್ಸಿನ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ್ದರು. ಅದನ್ನು ಪ್ರೆಸ್ಸಿನ ಕಂಪ್ಯೂಟರ್ ಬರೆದಿಟ್ಟುಕೊಂಡ ಸಮಯ ಹತ್ತು ಮೂವತ್ತೊಂದು. ಅಂದರೆ ಒಂಬತ್ತು ನಿಮಿಷ ಮೊದಲೇ ಸಂಪತ್ ರಾಡು ಹಿಡಿದು ಹೊಂಚು ಹಾಕಿದ್ದ, ಗೋಪೀನಾಥ ಪ್ರಾಣ ಉಳಿಸಿಕೊಳ್ಳಲು ಸ್ಪ್ಯಾನರ್ ಬೀಸಿದ ಎಂಬುದು ಮಾಲೀಕನ ವಾದ. ಕೊಲೆ ಯತ್ನದ ಕೇಸು ಬಿತ್ತು. ಆಸ್ಪತ್ರೆಯ ಮಂಚಕ್ಕೇ ಸಂಪತ್‌ಗೆ ಬೇಡಿ ಹಾಕಿದರು.

ಹಣ್ಣು ಕೊಡುವ ನೆಪದಲ್ಲಿ ರಮ್ಯ ಹೋಗಿ ನೋಡಿದಳು. ಕಾವಲಿನ ಪೇದೆ ಎರಡು ನಿಮಿಷ ಬಿಟ್ಟ.

"ಅವ್ನು ಹಿಂದಿನಿಂದ ಬಂದು ಕರ್ದ ಅಕ್ಕಾ. ತಿರುಗಿದ ತಕ್ಷಣ ಸ್ಪ್ಯಾನರ್ ಕಣ್ಣಿಗೆ ಬಿತ್ತು. ಆಮೇಲೇ ನಾನು ಅಂಗಳಕ್ಕೆ ಓಡಿ ರಾಡ್ ತಂದಿದ್ದು. ಯಾರೂ ನಂಬ್ತಿಲ್ಲ."

ರಮ್ಯ ನಂಬಿದಳು. ಶ್ರೀಗಂಧದ ಕಾವಲ್‌ನ ಹಳೇ ಊರಿನ ಮನೆಯಲ್ಲಿ ಅಪ್ಪ ಮುನಿವೆಂಕಟಪ್ಪ ನೊಗದ ಗೂಟದಿಂದ ಅವ್ವನನ್ನು ಬಡಿಯುತ್ತಿದ್ದ ಕಾಲವನ್ನು ಅವಳು ಕಂಡಿದ್ದಳು. ಮರುದಿನ ಜಗಲಿ ಮೇಲೆ ಕೂತ ಹಿರಿಯರು ಅವ್ವನನ್ನೇ ಕೇಳುತ್ತಿದ್ದರು: "ಮೊದ್ಲು ನೀನೇನಮ್ಮಾ ಅಂದೆ?" ಒಮ್ಮೆ ಅವ್ವನ ಮೊಣಕೈ ಮುರಿದ ದಿನವೂ ಅದನ್ನೇ ಕೇಳಿದ್ದರು.

ಮರುದಿನ ಬೆಳಿಗ್ಗೆ ಅವಳು ಕಂಪ್ಯೂಟರ್‌ಗಳನ್ನು ಒಂದೊಂದಾಗಿ ನೋಡುತ್ತಾ ಬಂದಳು. ಕಾರ್ಖಾನೆಯ ಎಲ್ಲ ಕಂಪ್ಯೂಟರ್‌ಗಳೂ ಆಫೀಸಿನ ಸರ್ವರ್‌ನಿಂದ ಟೈಮ್ ಕೇಳಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತವೆ. ಸರ್ವರ್ ಸರಿಯಿತ್ತು. ಆರೂ ಪ್ರೆಸ್ಸುಗಳ ಕಂಪ್ಯೂಟರ್‌ಗಳು ಸರಿಯಿದ್ದವು. ಕ್ಯಾಮೆರಾಗಳ ರೆಕಾರ್ಡರ್ ಮಾತ್ರ ಹನ್ನೊಂದು ನಿಮಿಷ ಹಿಂದಿತ್ತು. ಅವಳು ಅದರ ಸೆಟ್ಟಿಂಗ್ ತೆರೆದಳು. ಎರಡು ತಿಂಗಳ ಹಿಂದೆ ಹೊಸ ನೆಟ್‌ವರ್ಕ್ ಲೈನ್ ಎಳೆದಾಗ ಸರ್ವರ್‌ನ ವಿಳಾಸ ಬದಲಾಗಿತ್ತು. ಎಲ್ಲ ಕಡೆ ಹೊಸ ವಿಳಾಸ ಹಾಕಿದವಳು ರೆಕಾರ್ಡರ್ ಮರೆತಿದ್ದಳು. ಅಂದಿನಿಂದ ಅದು ಇಲ್ಲದ ಸರ್ವರನ್ನು ಕೇಳಿ ಕೇಳಿ, ಉತ್ತರ ಸಿಗದೆ, ದಿನಕ್ಕಿಷ್ಟು ಸೆಕೆಂಡ್ ಹಿಂದೆ ಬೀಳುತ್ತಾ ಬಂದಿತ್ತು. ತಪ್ಪು ಅವಳದೇ.

ಇವತ್ತು ಹಿಂದಿದ್ದರೆ ಆ ಮಂಗಳವಾರವೂ ಹಿಂದಿತ್ತು ಎನ್ನುವುದಕ್ಕೇನು ಸಾಕ್ಷಿ? ಅವಳು ಆ ದಿನದ ಚಿತ್ರಗಳನ್ನು ಸಂಜೆವರೆಗೆ ಕೂತು ನೋಡಿದಳು. ಮಧ್ಯಾಹ್ನ ಕರೆಂಟ್ ಹೋಗಿತ್ತು. ಕ್ಯಾಮೆರಾದಲ್ಲಿ ಟ್ಯೂಬ್‌ಲೈಟ್ ಆರಿದ್ದು ಹನ್ನೆರಡು ನಲವತ್ತೊಂಬತ್ತಕ್ಕೆ. ಸರ್ವರ್‌ನ ಯುಪಿಎಸ್ ಬರೆದುಕೊಂಡದ್ದು ಸರಿಯಾಗಿ ಒಂದು ಗಂಟೆ. ಒಂದೇ ಕ್ಷಣಕ್ಕೆ ಎರಡು ಗಡಿಯಾರ, ನಡುವೆ ಹನ್ನೊಂದು ನಿಮಿಷ. ಅಲ್ಲಿಗೆ ಸಂಪತ್ ರಾಡು ಎತ್ತಿಕೊಂಡದ್ದು ಹತ್ತು ಮೂವತ್ತಮೂರಕ್ಕೆ, ಕಣ್ಣು ಹೋಗಿ ಎರಡು ನಿಮಿಷವಾದ ಮೇಲೆ.

ಅವಳು ಮೊದಲು ಮಾಲೀಕನಿಗೇ ಹೇಳಿದಳು. ಹನ್ನೆರಡು ವರ್ಷ ಅನ್ನ ಕೊಟ್ಟವನು.

ಮೋಹನ್ ಕುಮಾರ್ ಕೇಳಿಸಿಕೊಂಡ. ಎದ್ದು ಬಾಗಿಲು ಹಾಕಿದ. "ಟೈಮ್ ಸರಿ ಮಾಡ್ಬಿಡು. ಆ ಯುಪಿಎಸ್ ದಾಖಲೇನೂ ಅಳಿಸ್ಬಿಡು. ನಿನ್ ತಪ್ಪು ನನ್ ಹೊಟ್ಟೇಲೇ ಇರುತ್ತೆ."

"ಆಗಲ್ಲ ಸಾರ್. ಅವ್ನಿಗೆ ಕಣ್ಣು ಹೋಗಿದೆ."

"ನನ್ ಭಾಮೈದ ಬಾಯಿ ತೆಗ್ದು ಗಂಜಿ ಕುಡಿಯಕ್ಕಾಗ್ತಿಲ್ಲ ಕಣೇ!"

ಅವಳು ತಿರುಗಿ, ರೆಕಾರ್ಡರ್ ಇದ್ದ ಕಬ್ಬಿಣದ ಕಪಾಟಿನ ಬಾಗಿಲು ತೆಗೆದಳು. ಅವನು ಅವಳ ಜಡೆ ಹಿಡಿದು ಹಣೆಯನ್ನು ಕಪಾಟಿನ ಅಂಚಿಗೆ ಬಡಿದ. ಬೀಳದಂತೆ ಅವಳು ಅದರ ಚೌಕಟ್ಟು ಹಿಡಿದುಕೊಂಡಾಗ ಕಪಾಟಿನ ಬಾಗಿಲನ್ನು ಒದ್ದು ಅವಳ ಬಲಗೈ ಮೇಲೆ ಮುಚ್ಚಿದ. ಎರಡು ಬೆರಳು ಲಟಕ್ಕೆಂದವು. ಎಡಗೈಗೆ ಸಿಕ್ಕ ದಪ್ಪ ಸ್ಟೇಪ್ಲರ್‌ನಿಂದ ಅವನ ಮೂಗಿನ ಮೇಲೆ ಬಾರಿಸಿದಳು. ಅವನು ಕುಕ್ಕರಿಸಿದಾಗ ಇನ್ನೊಂದು ಬಾರಿಸಿದಳು. ಎರಡನೆಯದು ಬೇಕಿರಲಿಲ್ಲ ಎಂದು ಅವಳಿಗೆ ಹೊಡೆಯುವಾಗಲೇ ಗೊತ್ತಿತ್ತು.

ತಂತಿಗಳನ್ನು ಕಿತ್ತು ರೆಕಾರ್ಡರ್ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಕೆಳಗಿಳಿದಳು. ಗೇಟಿನವನು ಅಡ್ಡ ಬಂದ. ಪ್ರೆಸ್ಸುಗಳ ಸದ್ದು ಒಂದೊಂದಾಗಿ ನಿಂತು, ಅಷ್ಟು ದಿನ ಬಾಯಿ ಬಿಡದಿದ್ದ ಜನ ಹೊರಗೆ ಬಂದು ಅವಳ ಹಿಂದೆ ನಿಂತರು. ಗೇಟಿನವನು ಸರಿದ. ಹಣೆಯ ರಕ್ತ ಸೀರೆಗೆ ಇಳಿಯುತ್ತಿರಲು ಅವಳು ಮಾಗಡಿ ರೋಡಿನ ಟ್ರಾಫಿಕ್ಕಿನ ನಡುವೆ ಪೊಲೀಸ್ ಸ್ಟೇಷನ್‌ವರೆಗೂ ನಡೆದೇ ಹೋದಳು.

"ಇದ್ರಲ್ಲಿ ಗಡಿಯಾರ ತಪ್ಪಿದೆ ಸಾರ್. ತಪ್ಪಾಗಿದ್ದು ನನ್ನಿಂದ್ಲೇ. ಬರ್ಕೊಳ್ಳಿ," ಎಂದಳು ಇನ್ಸ್‌ಪೆಕ್ಟರ್‌ಗೆ. "ಮಾಲೀಕ್ರಿಗೆ ಹೊಡ್ದಿದೀನಿ, ಅದನ್ನೂ ಬರ್ಕೊಳ್ಳಿ."

ತಜ್ಞರು ಪೆಟ್ಟಿಗೆ ಮತ್ತು ಸರ್ವರ್ ಎರಡನ್ನೂ ನೋಡಿದರು. ಲೆಕ್ಕ ಅವಳು ಹೇಳಿದಂತೆಯೇ ಬಂತು. ಸಂಪತ್ ಮೇಲಿನ ಕೊಲೆ ಯತ್ನ ಹೋಗಿ ಹಲ್ಲೆಯ ಕೇಸು ಉಳಿಯಿತು. ದವಡೆಗೆ ತಂತಿ ಕಟ್ಟಿಸಿಕೊಂಡಿದ್ದ ಗೋಪೀನಾಥನನ್ನು ಬಂಧಿಸಿದರು. ರಮ್ಯ, ಮೋಹನ್ ಕುಮಾರ್ ಪರಸ್ಪರ ಕೊಟ್ಟ ದೂರುಗಳು ಇನ್ನೂ ಕೋರ್ಟಿನಲ್ಲಿವೆ. ಅವಳ ಕೆಲಸ ಹೋಯಿತು. ಈಗ ಅವಳು ನಂದಿನಿ ಲೇಔಟ್‌ನ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಾಳೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ.

ಜಾಮೀನಿನ ಮೇಲೆ ಬಂದ ಸಂಪತ್ ಒಂದು ಭಾನುವಾರ ಅವಳ ಮನೆಗೆ ಬಂದ. ಅವ್ವ ಮುನಿತಾಯಮ್ಮ ಕಾಫಿ ತಂದಿಟ್ಟರೂ ಮುಟ್ಟಲಿಲ್ಲ.

"ನಿಮ್ ತಪ್ಪಿಂದಾನೇ ಅಲ್ವಾ ಅಕ್ಕಾ, ನಲವತ್ತು ದಿನ ನಾನು ಒಳಗಿದ್ದಿದ್ದು?"

"ಹೌದು ಕಣೋ," ಎಂದಳು ರಮ್ಯ.

ಅವನು ಮೆಲ್ಲಗೆ ಹೇಳಿದ: "ಒಂದ್ ಮಾತು ಕೋರ್ಟಲ್ಲಿ ಹೇಳಿಲ್ಲ. ಅವ್ನು ಸಾಯ್ಲಿ ಅಂತಾನೇ ಹೊಡ್ದೆ."

ಕಾಫಿ ಆರಿತ್ತು, ಬಿಸಿ ಮಾಡಿ ತರಲು ರಮ್ಯ ಲೋಟ ಎತ್ತಿಕೊಂಡು ಒಳಗೆ ಹೋದಳು.