ಸಾಕ್ಷಿಗೆ ಪುರುಸೊತ್ತಿಲ್ಲ

ಕಳೆದ ಮಂಗಳವಾರ ಬೆಳ್ತಂಗಡಿಯಲ್ಲಿ ಮೂಡುಬಿದಿರೆ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತು (ಇಂಥ ಭಾಗ್ಯ ನನಗೆ ವರ್ಷಕ್ಕೊಮ್ಮೆ). ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಸಿಡಿದರು.

“ನೋಡಿ ಮಾರಾಯ್ರೆ! ಗಾಂಜಾ ಸಾಗಿಸಿದವನಿಗೆ ಜಾಮೀನಂತೆ! ಹೀಗಾದ್ರೆ ಊರು ಉದ್ಧಾರ ಆಗ್ಲಿಕ್ಕುಂಟಾ?”

ಊರಿನ ಸಿಟ್ಟಿಗೆ ದನಿಗೂಡಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. “ಕಾನೂನು ಸಡಿಲ ಆಗಿದೆ, ಅದೇ ಪ್ರಾಬ್ಲಂ” ಎಂದೆ. ಅವರಿಗೆ ಖುಷಿಯಾಯಿತು. ಸುದ್ದಿಯನ್ನು ಗಟ್ಟಿಯಾಗಿ ಓದತೊಡಗಿದರು. ಗುರುವಾಯನಕೆರೆಯಲ್ಲಿ ಸಿಕ್ಕಿಬಿದ್ದ ಪಿಕಪ್ ಚಾಲಕ. ಮೂರು ವರ್ಷದಿಂದ ಜೈಲಿನಲ್ಲಿ. ವಿಚಾರಣೆ ಇನ್ನೂ ಮುಗಿದಿಲ್ಲ. ಗಾಂಜಾದ ಲ್ಯಾಬ್ ರಿಪೋರ್ಟು ಬರಲಿಕ್ಕೇ ವರ್ಷ ಹಿಡಿದಿದೆ. ಮಹಜರಿಗೆ ಸಹಿ ಹಾಕಿದ ಸಾಕ್ಷಿಯೊಬ್ಬರು ಸಮನ್ಸ್ ಮೇಲೆ ಸಮನ್ಸ್ ಹೋದರೂ ಬಂದಿಲ್ಲ.

“ಯಾರಪ್ಪ ಅದು, ಬೇಜವಾಬ್ದಾರಿ ಜನ?” ಎಂದರು ಹಿರಿಯರು.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಆ ಜನ ನಾನೇ.

ಆದದ್ದಿಷ್ಟು. ಮೂರು ವರ್ಷದ ಹಿಂದೆ ಗುರುವಾಯನಕೆರೆಯ ಹೋಟೆಲೊಂದರಲ್ಲಿ ಗೋಳಿಬಜೆ ತಿನ್ನುತ್ತಿದ್ದೆ. ಪೊಲೀಸರು ಬಂದು “ಸಾರ್, ಒಂದು ಸಹಿ ಬೇಕಿತ್ತು” ಎಂದು ಕರೆದೊಯ್ದರು. ಪಿಕಪ್ಪಿನಲ್ಲಿ ರಬ್ಬರ್ ಶೀಟಿನ ಅಡಿಯಲ್ಲೊಂದು ಕಟ್ಟು. ತೂಗಿದರು, ಸೀಲು ಹಾಕಿದರು, ನಾನು ಸಹಿ ಮಾಡಿದೆ. “ತುಂಬಿಸಿದ್ದು ನಾನಲ್ಲ, ನನಗೆ ಗೊತ್ತೇ ಇಲ್ಲ” ಎಂದು ಚಾಲಕ ಹೇಳುತ್ತಲೇ ಇದ್ದ. ಮನೆಗೆ ಬಂದು ಒಂದು ವಾರ ಕಂಡಕಂಡವರಿಗೆಲ್ಲ ಆ ಕತೆ ಹೇಳಿದೆ. (ಹೇಳಿದ ಹಾಗೆಲ್ಲ ಕಟ್ಟಿನ ತೂಕ ಹೆಚ್ಚುತ್ತಾ ಹೋಯಿತು.)

ಆಮೇಲೆ ಸಮನ್ಸ್ ಶುರುವಾಯಿತು. ಮೊದಲ ದಿನಾಂಕದಂದು ಕೊಕ್ಕಡದಲ್ಲಿ ಭಾವನ ಮನೆಯೊಕ್ಕಲು. “ಊರಲ್ಲಿಲ್ಲ ಅಂತ ಬರೀರಿ ಮಾರಾಯ್ರೆ” ಎಂದು ಸಮನ್ಸ್ ತಂದವರಿಗೆ ಹೇಳಿದೆ. ಎರಡನೆಯ ಸಲ ಮಂಗಳೂರಿನ ಕೋರ್ಟಿಗೆ ಹೋದೆ. ನ್ಯಾಯಾಧೀಶರಿಗೆ ವರ್ಗವಾಗಿತ್ತು. ಒಂದು ದಿನ ಪೂರ್ತಿ ಹಾಳು! ಆ ಸಿಟ್ಟಿಗೆ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಸೊಂಟನೋವು ಬರಿಸಿಕೊಂಡೆ. ಅದೇ ಸೊಂಟ ಹೊತ್ತುಕೊಂಡು ಪುತ್ತಿಗೆಯಲ್ಲಿ ನೆಂಟರ ಮದುವೆಗೆ ಹೋಗಿ ಎರಡು ಪಂಕ್ತಿಗೆ ಬಡಿಸಿಯೂ ಬಂದೆ.

“ಹಾಗಾದ್ರೆ ಅವ ಇಷ್ಟು ಸಮಯ ಒಳಗೇ ಇದ್ದನಾ?” ಎಂದು ಹಿರಿಯರನ್ನು ಕೇಳಿದೆ.

“ಮತ್ತೆಂತ? ಇಂಥ ಕೇಸಲ್ಲಿ ಸುಲಭಕ್ಕೆ ಜಾಮೀನು ಸಿಗುದಿಲ್ಲ. ಎರಡು ಸಲ ಅರ್ಜಿ ಹಾಕಿ ಎರಡೂ ವಜಾ ಆಗಿದೆಯಂತೆ.”

ಅವನು ಎಂದೋ ಮನೆ ಸೇರಿ, ಎಲ್ಲೋ ಬಾಡಿಗೆಗೆ ಗಾಡಿ ಓಡಿಸಿಕೊಂಡಿದ್ದಾನೆ ಎಂದೇ ನಾನು ತಿಳಿದಿದ್ದೆ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ? ಗಾಂಜಾ ಮಾರುವವರ ಮೇಲೆ ನನಗೆ ಎಳ್ಳಷ್ಟೂ ಮರುಕವಿಲ್ಲ. ಆದರೆ ಇವನು ಮಾರುವವನೋ, ಬರೀ ಗಾಡಿ ಓಡಿಸಿದವನೋ ಎಂದು ತೀರ್ಮಾನವಾಗಬೇಕಾದರೆ ಯಾರಾದರೂ ಕಟಕಟೆ ಹತ್ತಿ ಕಂಡದ್ದನ್ನು ಹೇಳಬೇಕಲ್ಲ? ಜಾಮೀನು ಸಿಕ್ಕಿತೆಂದರೆ ಕೇಸು ಮುಗಿಯಿತೆಂದಲ್ಲ. ನಮ್ಮ ಕಡೆಯಿಂದ ತಡವಾಗಿದೆ, ನೀನು ಹೊರಗಿದ್ದು ಕಾಯಿ ಎಂದು ಕೋರ್ಟು ಹೇಳಿದೆ, ಅಷ್ಟೆ. ಆ ತಡದಲ್ಲಿ ಲ್ಯಾಬ್ ರಿಪೋರ್ಟಿನ ಪಾಲಿದೆ, ವರ್ಗಾವಣೆಯ ಪಾಲಿದೆ, ನನ್ನ ಸೊಂಟದ ಪಾಲೂ ಇದೆ.

ತಡೆಯಲಾಗದೆ ಹಿರಿಯರ ಹತ್ತಿರ ಒಪ್ಪಿಕೊಂಡುಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಸ್ಸಿಡೀ ತಿರುಗುವ ಹಾಗೆ ನಕ್ಕರು. “ನೀವಾ! ಈಗಷ್ಟೇ ಕಾನೂನು ಸಡಿಲ ಅಂದ್ರಲ್ಲ!” ಕಂಡಕ್ಟರಿಗೂ ವಿಷಯ ಗೊತ್ತಾಯಿತು. ಮೂಡುಬಿದಿರೆಯವರೆಗೆ ಅವನ ಮುಖದಲ್ಲಿ ನಗು ಆರಲೇ ಇಲ್ಲ.

ಮುಂದಿನ ತಿಂಗಳು ಮತ್ತೆ ನನ್ನ ಸರದಿ. ಹೋಗುತ್ತೇನೆ. ಹೆಂಡತಿ ಆಗಲೇ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಟ್ಟಿದ್ದಾಳೆ.

ಹಿರಿಯರಿಗೆ ಮಾತ್ರ ವೇಣೂರಿನಲ್ಲಿ ಇಳಿಯುವಾಗಲೂ ಸಮಾಧಾನವಿರಲಿಲ್ಲ. “ಆದ್ರೂ ಅವ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡ್ರೆ ಎಂತ ಮಾಡುದು?” ಎಂದರು. ಅವರೇ ಓದಿದ ಸುದ್ದಿಯಂತೆ ಅವನಿಗೇನೋ ಇಬ್ಬರು ಜಾಮೀನುದಾರರಿದ್ದಾರೆ, ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿಯೂ ಹಾಕಬೇಕು.

ಕೋರ್ಟಿಗೆ ಬಾರದೆ ಮೂರು ಸಲ ತಪ್ಪಿಸಿಕೊಂಡು ತಿರುಗಿದ ನನಗೆ ನಿಮ್ಮಲ್ಲಿ ಯಾರು ಜಾಮೀನು ನಿಲ್ಲುತ್ತೀರಿ?