ಯಂತ್ರದ ಹಣೆ

ಸಿಂದಗಿಯ ಹೊರಗಿರುವ ನಮ್ಮ ಘಟಕದಲ್ಲಿ ನವಜಾತ ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳು ತಯಾರಾಗುತ್ತವೆ. ಅವುಗಳನ್ನು ಪರೀಕ್ಷಿಸುವ ತಂತ್ರಜ್ಞ ನಾನು. ನಾನು ಸರಿ ಎಂದ ಮೇಲೆ ಜೋಡಣೆ ವಿಭಾಗದ ಹಿರಿಯಾಕೆ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಯಂತ್ರದ ಫಲಕದ ಮೇಲ್ಭಾಗಕ್ಕೆ ಮೂರು ಬೆರಳು ಎಳೆಯುತ್ತಾಳೆ. ಆಮೇಲೆ ಪ್ಯಾಕಿಂಗ್. ಈ ರೂಢಿ ನಾನು ಸೇರುವ ಮೊದಲೇ ಇತ್ತೆಂದು ನೆನಪು. ಆಣೆ ಮಾಡಿ ಹೇಳಲಾರೆ.

ಆ ಮಧ್ಯಾಹ್ನ, ವಿಭೂತಿ ಹಚ್ಚಿಸಿಕೊಂಡು ಪ್ಯಾಕಿಂಗ್‌ಗೆ ಹೊರಟಿದ್ದ ಒಂದು ವಾರ್ಮರನ್ನು ಸುಮ್ಮನೆ ಚಾಲೂ ಮಾಡಿದೆ. ಮಗುವಿನ ಮೈಗೆ ಅಂಟಿಸುವ ಸೆನ್ಸರ್ ವೈರು ಸಿಕ್ಕಿಸಿರಲಿಲ್ಲ. ಹಾಗಿದ್ದಾಗ ಅಲಾರಂ ಕಿರುಚಬೇಕು. ಕೆಂಪು ದೀಪ ಮಿನುಗಿತು, ಸದ್ದಿಲ್ಲ. ಕಿವಿಯಿಟ್ಟರೆ ಡಬ್ಬಿಯೊಳಗೆ ಸಿಕ್ಕಿಕೊಂಡ ಜೀರುಂಡೆಯಂತೆ ಏನೋ ಗುಂಯ್ಗುಟ್ಟುತ್ತಿತ್ತು. ಹಳೆಯ ಮಾದರಿಯಲ್ಲಿ ಸದ್ದು ಹೊರಡುವ ತೂತು ಹಿಂಬದಿಗಿತ್ತು. ಹೊಸದರಲ್ಲಿ ಅದನ್ನು ಮುಂದಿನ ಫಲಕದ ಮೇಲ್ಭಾಗಕ್ಕೆ ತಂದಿದ್ದೆವು. ವಿಭೂತಿ ಒಣಗಿ ಅದರೊಳಗೆ ಗಚ್ಚಿನಂತೆ ಕೂತಿತ್ತು. ಹಿರಿಯಾಕೆಯನ್ನು ಕರೆದು ತೋರಿಸಿದೆ.

"ಹಣಿಗಲ್ಲದ ಮತ್ತೆಲ್ಲಿ ಹಚ್ಚಲೋ ತಮ್ಮಾ, ಬೆನ್ನಿಗೇನು?" ಎಂದಳು ಅವಳು. ಹೊಸ ಮಾದರಿಯ ಮೊದಲ ಯಂತ್ರ ಹೀಗೇ ವಿಭೂತಿ ಹಚ್ಚಿಸಿಕೊಂಡು ಹಿಂದಿನ ದಿನವೇ ಮುದ್ದೇಬಿಹಾಳದ ಒಂದು ಸಣ್ಣ ಆಸ್ಪತ್ರೆಗೆ ಹೋಗಿತ್ತು. ಕೂಡಲೇ ಅಲ್ಲಿಗೆ ಫೋನ್ ಮಾಡಿದೆ.

"ಚಲೋ ನಡದೈತ್ರಿ," ಎಂದಳು ಫೋನೆತ್ತಿದ ನರ್ಸ್. "ಮುಂಜಾನೆ ಹುಟ್ಟಿದ ಕೂಸು ಮಲಗೇತಿ."

ಕಾವು ಮಿತಿ ಮೀರಿದರೂ ಆ ಯಂತ್ರ ಯಾರನ್ನೂ ಕೂಗಿ ಕರೆಯಲಾರದು.

"ಕೂಸಿನ ಬಾಜೂಕ ನಿಂತು ಸೆನ್ಸರ್ ವೈರ್ ಕೀಳ್ರಿ. ಸಪ್ಪಳ ಬರ್ತೈತೇನು?" ಎಂದೆ.

"ಕೆಂಪು ಲೈಟ್ ಹತ್ತೇತ್ರಿ. ಸಪ್ಪಳಿಲ್ಲ."

"ಮುಂದಿನ ಫಲಕಕ್ಕ ಹಚ್ಚಿದ ಇಬತ್ತಿ, ಅದ ವಿಭೂತಿ, ಹಸಿ ಹತ್ತಿಲೆ ಒರಸ್ರಿ. ಅದರ ಕೆಳಗ ತೂತೈತಿ, ಸೂಜಿಲೆ ಬಿಡಸ್ರಿ."

ಆ ಕಡೆಯಿಂದ ಇನ್ನೊಂದು ದನಿ ಎದ್ದಿತು, ಕೂಸಿನ ಅಜ್ಜಿಯದು. "ಏ ನರ್ಸ್‌ಬಾಯಿ, ಮುಟ್ಟಬ್ಯಾಡ! ಇಬತ್ತಿ ಐತಿ ಅಂತನ ಕೂಸಿನ್ನ ಅದರಾಗ ಮಲಗಿಸೇವಿ."

ಅಜ್ಜಿಗೆ ನಾನು ಸಮಾಧಾನದಿಂದ ತಿಳಿಸಿ ಹೇಳಿದೆ ಎಂದೇ ಈಗ ಅನ್ನಿಸುತ್ತದೆ. ನಾನು ಬರೀ ತೊದಲುತ್ತಿದ್ದೆನೆಂದೂ ಅದಕ್ಕೇ ತಾನು ಫೋನು ಕಸಿದುಕೊಂಡೆನೆಂದೂ ಹೇಳುತ್ತಾಳೆ ಹಿರಿಯಾಕೆ. ಅವಳು ಹೇಳುವುದೇ ನಿಜವಿರಬೇಕು, ಏಕೆಂದರೆ ನನಗೆ ಸ್ಪಷ್ಟವಾಗಿ ನೆನಪಿರುವುದು ಅವಳ ಮಾತುಗಳೇ:

"ಯವ್ವಾ, ಅದನ್ನ ಹಚ್ಚಿದಾಕಿ ನಾನs. ತಿಳೀದ ಅದರ ಬಾಯಿ ಮುಚ್ಚೇನಿ. ಒರಸಿದ್ದು ನೆಲಕ್ಕ ಬೀಳೂದು ಬ್ಯಾಡ, ನಿನ್ನ ಹಣಿಗಿ ಹಚ್ಚಕೋ. ಮೊದಲ ಕೂಸು ನೋಡವಾ."

ಸ್ವಲ್ಪ ಹೊತ್ತಿಗೆ ತೂತನ್ನು ಸೂಜಿಯಿಂದ ಕೆರೆಯುವ ಸದ್ದು ಫೋನಿನಲ್ಲಿ ಕೇಳಿಸತೊಡಗಿತು. ಹಿರಿಯಾಕೆ ಫೋನನ್ನು ಇಬ್ಬರ ಕಿವಿಗಳ ನಡುವೆ ಹಿಡಿದಳು.

ಆಮೇಲೆ ಅಲಾರಂ, ಕಿವಿ ಸೀಳುವಂತೆ. ಅದರ ಬೆನ್ನಿಗೇ ಕೂಸಿನ ಅಳು.

"ಬಂದ್ ಮಾಡೂದು ಹ್ಯಾಂಗ್ರಿ?" ನರ್ಸ್ ಕೂಗುತ್ತಿದ್ದಳು.

ವೈರು ಮತ್ತೆ ಸಿಕ್ಕಿಸಿದರೆ ತಾನಾಗಿಯೇ ನಿಲ್ಲುತ್ತದೆ. ಅಷ್ಟು ಹೇಳಬೇಕಿತ್ತು. ಒಂದು ಗಳಿಗೆ ಇಬ್ಬರೂ ಆ ಸದ್ದನ್ನೇ ಕೇಳುತ್ತ ನಿಂತೆವು.